ತೊಡೆಯ ಮೇಲಿನ ಹಾರ್ಡ್‌ಡಿಸ್ಕು

ಶಿರಸಿಯಿಂದ ಯಲ್ಲಾಪುರಕ್ಕೆ ಹೊರಟ ಬಸ್ಸಿನಲ್ಲಿ, ವಿನೋದಾಳ ಮುಂದಿನ ಸೀಟಿನಲ್ಲಿ ಫೋಟೊ ಸ್ಟುಡಿಯೋದ ಭಟ್ಟರು ಕೂತಿದ್ದರು. ಅವರ ತೊಡೆಯ ಮೇಲೆ ಟವೆಲ್ಲಿನಲ್ಲಿ ಸುತ್ತಿದ ಗಂಟೊಂದಿತ್ತು. ಬಸ್ಸು ಕುಲುಕಿದಾಗಲೆಲ್ಲ ಅದನ್ನು ಎರಡೂ ಕೈಯಲ್ಲಿ ಅವಚಿಕೊಳ್ಳುತ್ತಿದ್ದರು. ಪಕ್ಕದಲ್ಲಿದ್ದ ಲಾರಿ ಮೆಕ್ಯಾನಿಕ್ ಜಹಾಂಗೀರ್ ಕೇಳಿದರು:

“ಭಟ್ರೆ, ಎಂತ ಅದು, ಕೂಸಿನ ಹಾಗೆ ಹಿಡ್ಕೊಂಡಿದ್ದೀರಿ?”

“ಹಾರ್ಡ್‌ಡಿಸ್ಕು, ಜಹಾಂಗೀರ್ ಭಾಯ್. ಕಂಪ್ಯೂಟರ್ ಶಿರಸಿಯಲ್ಲಿ ಬಿಟ್ಟು ಬಂದೆ. ವಿಂಡೋಸ್ ಹೊಸದಾಗಿ ಹಾಕ್ತಾರೆ.”

“ಅದಕ್ಕೆ ಇದು ಬೇಡ್ವಾ?”

“ಅದಕ್ಕೆ ಬೇರೆ ಡಿಸ್ಕ್ ಇದೆ. ಇದರಲ್ಲಿ ಬರೀ ಫೋಟೊ. ಕಳಚಿ ತಂದುಬಿಟ್ಟೆ.”

“ಒಳಗೇ ಇದ್ದಿದ್ರೆ ಎಂತ ಆಗ್ತಿತ್ತು?”

“ಹೋದ ಸಲ ನಾನೇ ಹಾಕಿದ್ದೆ. ಎರಡೂ ಡಿಸ್ಕ್ ಒಂದೇ ಅಳತೆ. ವಿಂಡೋಸಿಂದು ಅಳಿಸೋಕೆ ಹೋಗಿ ಫೋಟೊದ್ದೇ ಅಳಿಸಿಬಿಟ್ಟೆ. ಒಂದು ಮನೆಯವರ ಗುಂಪು ಫೋಟೊ ಹೋಯ್ತು.”

“ಮತ್ತೊಮ್ಮೆ ತೆಗೆದ್ರಾಯ್ತಪ್ಪ.”

“ತೆಗೆದೆ. ಮೂರು ತಿಂಗಳ ಮೇಲೆ ಎಲ್ಲರೂ ಅವತ್ತಿನದೇ ಬಟ್ಟೆ ಹಾಕ್ಕೊಂಡು ಬಂದ್ರು. ಅಜ್ಜ ಕೂತಿದ್ದ ಕುರ್ಚಿ ಮಾತ್ರ ಖಾಲಿ ಇಡಿಸಿದ್ರು.”

ಯಲ್ಲಾಪುರ ಬಂದಾಗ ಜಹಾಂಗೀರ್ ಮುಂದೆ ನಿಂತು ಭಟ್ಟರಿಗೆ ದಾರಿ ಬಿಡಿಸಿದರು. ಹಿಂದಿನಿಂದ ನೂಕುತ್ತಿದ್ದವರಿಗೆ ವಿನೋದಾ, ಆ ಗಂಟು ಕೆಳಗಿಳಿಯುವ ತನಕ, ಕೈ ಅಡ್ಡ ಹಿಡಿದು ನಿಂತಳು.