ನೋಡ್ಕೋ ಅಂದ ಪಟೇಲ

ಹ್ಞೂಂ ಅನ್ನೋರು ಯಾರ್ರಪ್ಪ? ಹ್ಞೂಂ ಅನ್ನದಿದ್ರೆ ಕತೆ ನನ್ ಹೊಟ್ಟೇಲೇ ಉಳೀತದೆ. ಒಂದಾನೊಂದು ಊರು. ಹೆಸರು ಹೇಳಾಕಿಲ್ಲ, ಹೇಳಿದ್ರೆ ಆ ಊರ್ನೋರು ಜಗಳಕ್ಕೆ ಬತ್ತಾರೆ. ಕೆರೆ ಹಿಂದೆ ಊರಿಗೆಲ್ಲ ಸೇರಿದ ಹಿತ್ಲುಗಳು. ಯಾರಿಗೆ ಯಾವ ಹಿತ್ಲು ಅಂತ ಹೇಳೋನು ಪಟೇಲ ದ್ಯಾವಪ್ಪ. ಅರಳಿಕಟ್ಟೆ ಮ್ಯಾಲೆ ಕೂತು ಅವನು ಏನಂದ್ರೆ ಅದೇ. ಒಂದಕ್ಷರ ಆಚೆ ಇಲ್ಲ, ಒಂದಕ್ಷರ ಈಚೆ ಇಲ್ಲ. ಅಂದ್ಮ್ಯಾಲೆ ಅವನೂ ಆ ಮಾತು ವಾಪಸ್ ತಗೊಳ್ಳಂಗಿಲ್ಲ. ಇದನ್ನ ಗೆಪ್ತೀಲಿಟ್ಕಳ್ಳಿ.

ಅಲ್ಲೊಬ್ಬಳು ನಿಂಗಾಜಮ್ಮ, ಸೊಪ್ಪು ಮಾರೋಳು. ಅಂಗೈಯಗಲ ನೆಲ ಇಲ್ಲ. ಕಂಡೋರ ಬದೂನಾಗೆ ಸೊಪ್ಪು ಕುಯ್ಯಾದು, ಕಂಡೋರ ಕೈಲಿ ಬೈಸ್ಕಳಾದು. ತನ್ನದೂ ಅಂತ ಒಂದು ಹಿತ್ಲು ಬೇಕು, ಅಷ್ಟೇ ಅವಳಾಸೆ.

ಕೇಳಿದ್ಲು. ಪಟೇಲ ಲಂಟಾನ ಕವ್ಕಂಡಿದ್ದ ಹಿತ್ಲು ತೋರ್ಸಿ, "ನೋಡ್ಕೋ" ಅಂದ. ಬೇರು ಕಿತ್ಲು, ಕಲ್ಲು ಆಯ್ದ್ಲು, ಗೊಬ್ಬರ ಹೊತ್ಲು. ಕೀರೆಸೊಪ್ಪು ಮೊಣಕಾಲುದ್ದ ಬಂತು. ಪಟೇಲನೂ ಬಂದ. "ನೋಡ್ಕೋ ಅಂದಿದ್ದೆ, ನೋಡ್ಕಂಡೆ. ಸಂತೋಷ. ಇನ್ಮ್ಯಾಲೆ ನನ್ ಅಳಿಯ ಮಾಡ್ಕತಾನೆ."

ಎರಡನೇ ಹಿತ್ಲು, ಜಾಲಿಮುಳ್ಳು. ಮತ್ತೆ "ನೋಡ್ಕೋ". ಮತ್ತೆ ಬೇರು ಕಿತ್ಲು, ಕಲ್ಲು ಆಯ್ದ್ಲು, ಗೊಬ್ಬರ ಹೊತ್ಲು. ಅದು ಪಟೇಲನ ಬಾಮೈದನಿಗೋಯ್ತು. ಹೊಟ್ಟೆ ಉರಿಯಲ್ವಾ? ನನಗೇ ಉರೀತದೆ!

ಮೂರನೇ ಸಲ ಪಟೇಲನೇ ಹೇಳಿಕಳಿಸ್ದ, "ಇನ್ನೊಂದೈತೆ, ಕಟ್ಟೆಗೆ ಬಾ."

ಪಕ್ಕದ ಮನೆ ಚೆನ್ನಾಜಿ ಹೇಳಿದ್ಲು, "ಬ್ಯಾಡ ಕಣಕ್ಕ, ಇದು ಅವನ ಷಡ್ಡಕನಿಗೆ."

ನಿಂಗಾಜಮ್ಮ ಹೋಗಿ ಆ ಹಿತ್ಲು ನೋಡಿದ್ಲು. ಆಳುದ್ದ ಕಳೆ, ಕಳ್ಳಿ, ಹುತ್ತ. ಕೆಳಗೆ ಕೈ ಹಾಕಿದ್ರೆ ಕಪ್ಪು ಮಣ್ಣು, ಹಸಿಹಸಿ. ಆ ಮಣ್ಣು ಕಂಡು ಅವಳಿಗೆ ಇನ್ನೂ ಸಿಟ್ಟು ಬಂತು. ತಗೊಂಡ್ರೆ ಮೂರನೇ ಸಲ ಪೆದ್ದಿ. ಬಿಟ್ರೆ ಸಾಯೋಗಂಟ ಕಂಡೋರ ಬದೂನೇ ಗತಿ. ಏನ್ ಮಾಡ್ಬೇಕು, ನೀವೇ ಹೇಳಿ?

ಅದೇ ಸಿಟ್ಟಲ್ಲಿ ಸಂತೆಗೋದ್ಲು. ಒಬ್ಬಾಕೆ ಸೊಪ್ಪು ಬಾಡೈತೆ ಅಂದ್ಲು, ಕಟ್ಟು ಸಣ್ಣದು ಅಂದ್ಲು, ಹುಳ ಐತೆ ಅಂದ್ಲು. ನಿಂಗಾಜಮ್ಮ ರೇಗಿ, "ಬೇಕಾದ್ರೆ ತಗೋ, ಇಲ್ದಿದ್ರೆ ಬಿಡು!" ಅಂದ್ಬುಟ್ಲು. ಅಂದವಳು ಹಂಗೇ ನಿಂತ್ಲು. ಬುಟ್ಟಿ ಅಲ್ಲೇ ಬಿಟ್ಟು ಕಟ್ಟೆಗೆ ನಡೆದ್ಲು.

ಊರೆಲ್ಲ ಸೇರಿತ್ತು. ಪಟೇಲ ನಕ್ಕೊಂಡು, "ನೋಡ್ಕೋ" ಅಂದ.

"ಏನ್ ನೋಡಾದು? ಬರೀ ಕಳ್ಳಿ."

"ಮಣ್ಣು ಒಳ್ಳೇದೈತೆ ಕಣಮ್ಮಿ."

"ಹುತ್ತ ಐತೆ."

"ಒಂದ್ ಮೂಲೇಲೈತೆ!"

"ನೀರು ದೂರ."

"ಕೆರೆ ಪಕ್ಕದಲ್ಲೇ ಐತಲ್ಲೇ!"

"ಇಂಥ ಹಿತ್ಲು ನಿಮ್ ಷಡ್ಡಕನೂ ಮುಟ್ಟಾಕಿಲ್ಲ, ಪಟೇಲ್ರೆ."

ಜನ ಗೊಳ್ಳಂತ ನಕ್ರು. ಪಟೇಲನ ಮುಖ ಕೆಂಪಗಾಯ್ತು. "ಥೂ! ಬೇಕಾದ್ರೆ ತಗೋ, ಇಲ್ದಿದ್ರೆ ಬಿಡು!"

"ತಗೊಂಡೆ" ಅಂದ್ಲು ನಿಂಗಾಜಮ್ಮ.

"ಏಯ್, ನಾನಂದಿದ್ದು..." ಅಂತ ಪಟೇಲ ಎದ್ದ. ಊರಿನ ಹಿರೇರು ತಡೆದ್ರು. "ಅಂದಿದ್ದು ಅಂದಂಗೇ, ಪಟೇಲ್ರೆ. ತಗೋ ಅಂದ್ರಿ. ತಗೊಂಡ್ಲು."

ಗೆದ್ರೂ ಅವಳ ಸಿಟ್ಟು ಇಳೀಲಿಲ್ಲ, ಯಾಕಿಳೀಬೇಕು? ಎರಡು ಹಿತ್ಲು ಹೋಗಿದ್ವಲ್ಲ. ಒಂದೊಂದು ಬೇರಿಗೂ ಪಟೇಲನ್ನ ಬೈಕೊಂಡೇ ಕಿತ್ಲು. ಸೊಪ್ಪು ಸೊಂಟದುದ್ದ ಬಂದಾಗ ಪಟೇಲ ಬೇಲಿ ಹತ್ರ ಬಂದು ನಿಂತ. ನಿಂಗಾಜಮ್ಮ ತಲೆ ಎತ್ತಲಿಲ್ಲ.

"ನೋಡ್ಕಳಿ, ಪಟೇಲ್ರೆ" ಅಂದ್ಲು. "ಅಲ್ಲೇ ನಿಂತು ನೋಡ್ಕಳಿ."

ಅವಳ ಹಿತ್ಲು ಅವಳಿಗಾಯ್ತು, ನನ್ ಕತೆ ನಿಮಗಾಯ್ತು. ಹ್ಞೂಂ ಅಂದೋರು ಎದ್ದು ಮನೆಗೋಗಿ.