ಎರಡೇ ದಿನ ತಡ

ಟೀ ಬೇಡ ಅಂದೆನಲ್ಲ, ಜೋಯಿಸರೇ! ಹೊಟ್ಟೆ ಉರೀತಿರೋಳಿಗೆ ಟೀ ಬೇರೆ... ಮೊದಲು ಕೇಳಿದ್ದಕ್ಕೆ ಉತ್ತರ ಕೊಡಿ. ಆ ದಿನಾನೇ ಯಾಕೆ ಕೊಟ್ರಿ? ಇಡೀ ಪಂಚಾಂಗದಲ್ಲಿ ನಿಮಗೆ ಬೇರೆ ದಿನ ಸಿಗಲಿಲ್ವಾ?

ಹಾಗೆ ಕಣ್ಣು ಕಿರಿದು ಮಾಡ್ಕೊಂಡು ನೋಡ್ಬೇಡಿ. ನಾನು ಸು-ಲಾನ್. ಮೀನು ಮಾರ್ಕೆಟ್ ಮೂಲೇಲಿ ತಿಂಡಿ ಅಂಗಡಿ... ಹಾಂ, ಆ ಮೂಲಂಗಿ ಕೇಕಿನೋಳೇ. ಇಪ್ಪತ್ತು ವರ್ಷದ ಹಿಂದೆ ಹೊಟ್ಟೆ ಹೊತ್ಕೊಂಡು ಇದೇ ಸ್ಟೂಲಿನ ಮೇಲೆ ಕೂತಿದ್ದೆ. ಮಗು ಅಡ್ಡ ಮಲಗಿದೆ, ಕೊಯ್ದೇ ತೆಗೀಬೇಕು, ಒಳ್ಳೆ ದಿನ, ಒಳ್ಳೆ ಗಳಿಗೆ ಕೇಳ್ಕೊಂಡು ಬಾ ಅಂತ ಡಾಕ್ಟರೇ ಕಳಿಸಿದ್ರು. ಈ ಊರಲ್ಲಿ ಯಾರು ತಾನೇ ನಿಮ್ಮನ್ನ ಕೇಳದೆ ಕೊಯ್ಸಿಕೊಳ್ತಾರೆ! ನೀವು ಕೆಂಪು ಚೀಟೀಲಿ ಬರೆದುಕೊಟ್ರಿ. ಮಗ ಹುಟ್ಟಿದ. ಯಾವಾಗ? ಎರಡು ಸಾವಿರದ ಐದು, ಜನವರಿ ಒಂದು!

ನಗ್ತೀರಾ? ಯಾಕ್ರೀ ನಗು? ಕಾನೂನು ಗೊತ್ತಿಲ್ವಾ ನಿಮಗೆ? ಆ ಜನವರಿ ಒಂದಕ್ಕೆ ಮುಂಚೆ ಹುಟ್ಟಿದ ಹುಡುಗರಿಗೆ ಸೈನ್ಯದಲ್ಲಿ ಕಡ್ಡಾಯ ಸೇವೆ ನಾಲ್ಕೇ ತಿಂಗಳು. ಆವತ್ತಿನಿಂದ ಈಚೆ ಹುಟ್ಟಿದೋರಿಗೆ ವರ್ಷಪೂರ್ತಿ. ನೂಡಲ್ಸ್ ಅಂಗಡಿ ಯುವೆ-ಶಾ ಮಗ ಡಿಸೆಂಬರ್ ಇಪ್ಪತ್ತೆಂಟು. ಹೋದ, ಬಂದ, ಎರಡು ಕೇಜಿ ಇಳಿದಿದ್ದಾನೆ ಅಷ್ಟೇ. ಈಗ ಅಂಗಡೀಲಿ ಕೂತು ಫೋನ್ ಒತ್ತುತಾನೆ. ನನ್ನ ಪೋ-ಯೆನ್ ಸೋಮವಾರ ಹೋಗ್ತಾನೆ. ಒಂದು ವರ್ಷ!

ಅಷ್ಟೇ ತಾನೇ ಅಂತ ಕೈ ಆಡಿಸ್ಬೇಡಿ. ಟಿವಿ ನೋಡಲ್ವಾ ನೀವು? ದಿನಾ ತೈವಾನಿನ ಭೂಪಟ ಹಾಕ್ತಾರೆ. ಚೀನಾ ಕಡೆಯಿಂದ ಇವತ್ತು ಹಡಗು ಇಷ್ಟು, ವಿಮಾನ ಇಷ್ಟು, ಕೆಂಪು ಕೆಂಪು ಬಾಣ. ನಮ್ಮೂರು ಲುಕಾಂಗ್ ಕಾಣೋದೇ ಇಲ್ಲ, ಬಾಣದ ಮೂತಿ ಅಡೀಲಿ ಮುಚ್ಚಿಹೋಗಿರತ್ತೆ. ಅಮೆರಿಕದವರು ಒಂದು ದಿನ ನಿಮ್ಮನ್ನ ಕಾಯೋಕೆ ಬಂದೇ ಬರ್ತೀವಿ ಅಂತಾರೆ, ಇನ್ನೊಂದು ದಿನ ನೋಡೋಣ ಅಂತಾರೆ. ನನ್ನ ತಮ್ಮ ಹೇಳ್ತಾನೆ, ಅಕ್ಕಾ, ಪ್ರಪಂಚದ ಫೋನಿಗೆಲ್ಲ ಬೇಕಾದ ಚಿಪ್ ಆಗೋದು ನಮ್ಮಲ್ಲೇ, ನಮ್ಮನ್ನ ಯಾರೂ ಮುಟ್ಟಲ್ಲ ಅಂತ. ಮಾರನೇ ದಿನ ಅವನೇ, ಅದಕ್ಕೇ ಅಕ್ಕಾ ಎಲ್ಲರ ಕಣ್ಣೂ ನಮ್ಮ ಮೇಲೆ ಅಂತಾನೆ! ನಾನು ಯಾವುದನ್ನ ನಂಬಲಿ? ಯಾರ ಕಾಲು ಹಿಡೀಲಿ? ಅವರ್ಯಾರೂ ನನ್ನ ಅಂಗಡಿಗೆ ತಿಂಡಿಗೆ ಬರೋರಲ್ಲ. ನನ್ನ ಕೈಗೆ ಸಿಗೋದು ನೀವೊಬ್ರೇ. ಅದಕ್ಕೇ ಬಂದೆ.

ಪೋ-ಯೆನ್ ಕೇಳ್ದ, ಮೊನ್ನೆ, ನೋಟೀಸು ಬಂದ ದಿನ. 'ಅಮ್ಮಾ, ಒಂದೇ ಒಂದು ದಿನ! ಹಿಂದಿನ ದಿನ ಹೆತ್ತಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಯಾರು ಕೊಟ್ಟಿದ್ದು ಈ ತಾರೀಖು?' ಜೋಯಿಸರು ಕಣಪ್ಪ ಅಂದೆ. ಇನ್ನೇನು ಹೇಳ್ಲಿ? ಅವನು ಚಿಕ್ಕವನಿದ್ದಾಗಿಂದ ಅದನ್ನೇ ಹೇಳ್ಕೊಂಡು ಬಂದಿದ್ದೀನಿ. ಹಾಗಾದ್ರೆ ನಾನೇ ಹೋಗಿ ಕೇಳ್ತೀನಿ ಅಂದ. ಇನ್ನೇನು ಬರ್ತಾನೆ. ಬಂದಾಗ ನೀವು... ಒಂದು ಮಾತು. 'ಹೌದಪ್ಪ, ನಾನೇ ಕೊಟ್ಟೆ, ಆವತ್ತಿನ ಗಳಿಗೆ ಅಷ್ಟು ಚೆನ್ನಾಗಿತ್ತು' ಅಂದ್ಬಿಡಿ. ಅಷ್ಟು ಸಾಕು ನನಗೆ.

ಯಾಕೆ ಎದ್ರಿ? ಆ ಕಪಾಟು ಯಾಕೆ ಈಗ... ಅಯ್ಯೋ, ಧೂಳು! ಬಿಡಿ, ಕೆಮ್ಮು ಬರತ್ತೆ ನಿಮಗೆ. ಏನದು ಪುಸ್ತಕ? ಬರೆದುಕೊಟ್ಟ ಚೀಟಿಗೆಲ್ಲ ನಕಲು ಇಟ್ಕೋತೀರಾ? ಆಗಿನದ್ದೂನಾ?...

ಯಾರ್ರೀ ಹೇಳಿದ್ರು ನಿಮಗೆ ನಕಲು ಇಡಿ ಅಂತ!

ಬೆರಳು ತೆಗೀರಿ ಅಲ್ಲಿಂದ. ಓದಿದೆ, ಓದಿದೆ. ನನ್ನ ಹೆಸರೇ. ಡಿಸೆಂಬರ್ ಮೂವತ್ತು, ಬೆಳಗ್ಗೆ ಒಂಬತ್ತು. ನೀವು ಏನು ಕೊಟ್ರಿ ಅಂತ ನನಗೆ ಗೊತ್ತಿಲ್ವಾ? ಬೈಯಿರಿ!

ಹೂಂ. ನಾನೇ. ಜೋಯಿಸರು ಜನವರಿ ಒಂದು ಅಂದಿದ್ದಾರೆ ಅಂತ ಡಾಕ್ಟರಿಗೆ ಸುಳ್ಳು ಹೇಳ್ದೆ. ರಜಾ ದಿನ ಅಂತ ಗೊಣಗಿದ್ರು, ಆದ್ರೆ ನಿಮ್ಮ ಹೆಸರು ಹೇಳಿದ ಮೇಲೆ ಎರಡು ಮಾತಾಡಲಿಲ್ಲ. ಎಲ್ಲಾ ಪೋ-ಯೆನ್ ಅಪ್ಪನಿಗೋಸ್ಕರ! ಆಗ ಅವನು ಚೀನಾದಲ್ಲಿ, ಚಪ್ಪಲಿ ಫ್ಯಾಕ್ಟರೀಲಿ ಮೇಸ್ತ್ರಿ. ರಜಾ ಸಿಗೋದೇ ಮೂವತ್ತೊಂದಕ್ಕೆ, ಊರು ಸೇರೋದು ರಾತ್ರಿ. ಅಲ್ಲೊಬ್ಬಳನ್ನ ಇಟ್ಕೊಂಡಿದ್ದಾನೆ ಅಂತ ಊರೆಲ್ಲ ಆಡ್ಕೊಳ್ತಿತ್ತು... ಹುಟ್ಟಿದ ತಕ್ಷಣ ಹಸಿ ಕೂಸನ್ನ ಕೈಗೆ ಕೊಟ್ರೆ ಬಿಟ್ಟು ಹೋಗೋಕೆ ಮನಸ್ಸು ಬರಲ್ಲ ಅಂದ್ಕೊಂಡೆ. ಎರಡೇ ದಿನ ತಾನೇ, ಒಳಗೇ ಇರ್ಲಿ ಅಂದ್ಕೊಂಡೆ. ಬಂದ. ಎತ್ಕೊಂಡ. ಮೂಗು ನನ್ನದೇ ಅಂದ. ನಾಲ್ಕನೇ ದಿನ ಹೋದೋನು ಹೋದ. ಈಗ ಅಲ್ಲೇ ಇನ್ನೊಂದು ಸಂಸಾರ. ಅವನಿರೋ ದಡದ ಕಡೆಗೇ ಬಂದೂಕು ತಿರುಗಿಸ್ಕೊಂಡು ನನ್ನ ಮಗ ಕಾಯ್ಬೇಕು. ಇದನ್ನ ಯಾರಿಗೆ ಹೇಳ್ಕೊಂಡು ಅಳಲಿ ನಾನು?

ಅಪ್ಪನ ಹೆಸರೆತ್ತಿದ್ರೆ ಪೋ-ಯೆನ್ ತಟ್ಟೆ ಬಿಟ್ಟು ಏಳ್ತಾನೆ. ಆ ಮನುಷ್ಯನಿಗೋಸ್ಕರ ನಿನ್ನ ತಡೆದೆ ಕಣೋ ಅಂತ ಹೇಗೆ ಹೇಳ್ಲಿ? ಸೋಮವಾರ ಹೋಗೋ ಹುಡುಗನಿಗೆ? ನನ್ನನ್ನ ಬೈಕೊಂಡೇ ಹೋಗ್ಬಿಟ್ರೆ? ಹೋಗಿ... ಏನಾದ್ರೂ ಆದ್ರೆ?

ಸ್ಕೂಟರ್... ಅವನೇ. ಜೋಯಿಸರೇ, ಪುಸ್ತಕ ಮುಚ್ಚಿ. ದಮ್ಮಯ್ಯ. ಒಂದೇ ಒಂದು ಸುಳ್ಳು. ತಲೆ ಯಾಕೆ ತಗ್ಗಿಸ್ತೀರಿ? ಅದು ಹೂಂ ಅಂತಾನೋ, ಊಹೂಂ ಅಂತಾನೋ? ಬಾಯಿ ಬಿಡ್ರೀ...

ಬಾ ಮಗಾ. ಕೂತ್ಕೋ. ಇಲ್ಲ, ಅವರನ್ನ ಕೇಳ್ಬೇಡ... ನನ್ನನ್ನ ಕೇಳು.