ಹಿಂದೆ ನಿಂತು ‘ಬಂತು’ ಅನ್ನುವವರು

ನಂಬಬೇಡ ಅಕ್ಕ, ಬೇಡವೇ ಬೇಡ! ಕೇಳಿದ ಮೇಲೂ ನಂಬದೆ ಇರೋಕಾಗುತ್ತಾ, ಅದನ್ನೂ ನೋಡಿಬಿಡ್ತೀನಿ. ಮೂರು ಗ್ಯಾರೇಜು ಸುತ್ತಿ ನಮ್ಮ ಗ್ಯಾರೇಜಿಗೆ ಬಂದಿದ್ದ ಕಾರು ಅದು. ಬ್ರೇಕ್ ತುಳಿದರೆ ಹಿಂದೆ ಕೆಂಪು ದೀಪ ಹತ್ತಲ್ಲ. ಒಬ್ಬ ಬಲ್ಬ್ ಬದಲಾಯಿಸಿದ್ದಾನೆ, ಇನ್ನೊಬ್ಬ ಫ್ಯೂಸ್ ಹಾಕಿದ್ದಾನೆ, ಮೂರನೆಯವನು ವೈರೆಲ್ಲ ಕಿತ್ತು ಹೊಸದು ಎಳೀಬೇಕು ಅಂದಿದ್ದಾನೆ. ನಾನು? ಏಳು ನಿಮಿಷ!

ಯಾಕೆ ನಗ್ತೀಯಾ? ಏಳೇ ನಿಮಿಷ, ಗಡಿಯಾರ ನೋಡಿದ್ದೀನಿ. ನೀನು ಇಸ್ತ್ರಿ ಮಾಡ್ತಾ ಇರು, ಕಿವಿ ಮಾತ್ರ ಈ ಕಡೆ ಕೊಡು. ನಿನ್ನ ಗಂಡ ನನಗೆ ಬಗೆದ ದ್ರೋಹ ಆಮೇಲೆ ಹೇಳ್ತೀನಿ, ಮೊದಲು ನನ್ನ ಕೆಲಸ ಕೇಳು.

ಬ್ರೇಕ್ ಪೆಡಲಿನ ಮೇಲುಗಡೆ ಒಂದು ಸ್ವಿಚ್ ಇರುತ್ತೆ, ಹೆಬ್ಬೆರಳಷ್ಟು. ಪೆಡಲ್ ತುಳಿದರೆ ಅದು ಕರೆಂಟನ್ನ ಹಿಂದಕ್ಕೆ ಬಿಡಬೇಕು. ಅಂಗಾತ ಮಲಗಿ ಒಳಗೆ ತಲೆ ತೂರಿಸಿದೆ. ಟೆಸ್ಟ್ ಲ್ಯಾಂಪ್ ಮುಟ್ಟಿಸಿದೆ. ಸ್ವಿಚ್ಚಿಗೆ ಬರೋ ವೈರಲ್ಲಿ ಕರೆಂಟಿದೆ. ಕೈಯಿಂದ ಪೆಡಲ್ ಒತ್ತಿದೆ, ಆಚೆ ಹೋಗೋ ವೈರಲ್ಲಿ ಇಲ್ಲ! ಎರಡನ್ನೂ ಒಂದು ತುಂಡು ತಂತಿಯಿಂದ ಸೇರಿಸಿದೆ ನೋಡು... ಭಗ್ ಅಂತ ಶೆಡ್ಡಿನ ಗೋಡೆಯೆಲ್ಲ ಕೆಂಪು! ಸ್ವಿಚ್ ಸತ್ತಿದೆ, ಅಷ್ಟೇ. ಊರಲ್ಲಿ ಪಂಪ್‌ಸೆಟ್ ಬಿಚ್ಚಿ ಬಿಚ್ಚಿ ಪಳಗಿದ ಕೈ ಕಣಕ್ಕ ಇದು. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ನೇತುಹಾಕಿದವರಿಗೆ ಬರುತ್ತಾ?

ಹೊಸ ಸ್ವಿಚ್ ಹಾಕಿ ಕಾರು ಕಳಿಸಿದೆ. ಸಂಜೆ ಮಾಲೀಕರು ಎಲ್ಲರ ಮುಂದೆ ಬೆನ್ನು ತಟ್ಟಿದರು. ‘ಸೋಮವಾರದಿಂದ ವೈರಿಂಗ್ ಕೆಲಸ ಪೂರ್ತಿ ನಿಂದೇ ಕಣೋ’ ಅಂದರು. ಪೂರ್ತಿ! ಇನ್ನು ಯಾರ ಕೈಕೆಳಗೂ ಅಲ್ಲ. ಭಾವನ ಕೈಕೆಳಗೂ ಅಲ್ಲ. ಅಲ್ಲೇ ಇರೋದು ನೋಡು ಅವರ ಹೊಟ್ಟೆಯುರಿ... ಕಣ್ಣು ಬಿಡಬೇಡ, ಹೇಳೋಕೆ ಬಿಡು.

ಮಾರನೇ ದಿನ ಆ ಕಾರಿನವರು ಸಿಗ್ನಲ್ಲಲ್ಲಿ ಬ್ರೇಕ್ ಹಾಕಿದ್ದಾರೆ. ಹಿಂದಿದ್ದ ಸ್ಕೂಟರಿನವನು ಬಂದು ಗುದ್ದಿದ. ಅವನ ಮಣಿಕಟ್ಟು ಮುರೀತು. ದೀಪ ಹತ್ತಲೇ ಇಲ್ಲವಂತೆ. ಅಂತೆ! ಮಾಲೀಕರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದರು.

ನಮ್ಮಲ್ಲೊಂದು ಪದ್ಧತಿ ಇದೆ. ಬ್ರೇಕ್ ಲೈಟಿಗೆ ಕೈ ಹಾಕಿದರೆ ಕೊನೆಗೆ ಒಬ್ಬ ಒಳಗೆ ಕೂತು ಪೆಡಲ್ ತುಳೀಬೇಕು, ಇನ್ನೊಬ್ಬ ಕಾರಿನ ಹಿಂದೆ ನಿಂತು ‘ಬಂತು’, ‘ಹೋಯ್ತು’ ಅಂತ ಕೂಗಬೇಕು. ಮೂರು ಸಲ. ಆಮೇಲೆ ಇಬ್ಬರ ಹೆಸರೂ ಆ ಕಾರಿನ ಜಾಬ್ ಕಾರ್ಡಿಗೆ. ಕಾರ್ಡಲ್ಲಿ ನನ್ನ ಹೆಸರಿತ್ತು, ಕೆಳಗೆ ಭಾವನ ಹೆಸರಿತ್ತು. ‘ಹಿಂದೆ ನಿಂತಿದ್ದು ನೀವಾ?’ ಅಂತ ಮಾಲೀಕರು ಕೇಳಿದರು. ಒಂದು ‘ಹೂಂ’ ಅಂದಿದ್ದರೆ ಏನು ಗಂಟು ಹೋಗ್ತಿತ್ತು? ಹದಿನೆಂಟು ವರ್ಷದಿಂದ ಅಲ್ಲೇ ಇದ್ದಾರೆ, ಅವರನ್ನ ಯಾರು ಏನನ್ನೋರು? ಇಲ್ಲ! ಸ್ಪ್ಯಾನರ್ ಒರೆಸ್ತಾ, ನನ್ನ ಮುಖಾನೂ ನೋಡದೆ, ‘ನಾನು ನಿಂತಿರಲಿಲ್ಲ’ ಅಂದುಬಿಟ್ಟರು. ಎಲ್ಲರ ಮುಂದೆ! ಹೆಂಡತಿಯ ಒಡಹುಟ್ಟಿದವನು ನಾನು. ಅವರನ್ನೇ ನಂಬಿ ಈ ಊರಿಗೆ ಬಂದವನು. ನಡುನೀರಲ್ಲಿ ಕೈಬಿಟ್ಟರಲ್ಲ ಅಕ್ಕ!

ನಿಂತಿದ್ದರು. ಕಣ್ಣಾರೆ ನೋಡಿದ್ದೀನಿ. ಬುಧವಾರ, ಹನ್ನೊಂದು ಗಂಟೆ. ಅಲ್ಲೇ, ಹಿಂದೆ...

ಏನು? ಯಾಕೆ ಕೈ ನಿಲ್ಲಿಸಿದೆ?

ಅಕ್ಕ, ಬಟ್ಟೆ ಸುಡ್ತಿದೆ. ಇಸ್ತ್ರಿಪೆಟ್ಟಿಗೆ ಎತ್ತು!

ಬುಧವಾರ... ಹೌದು, ಮಗುವಿನ ಕಿವಿ ತೋರಿಸೋಕೆ ಆಸ್ಪತ್ರೆಗೆ ಹೋಗಿದ್ರಿ. ಗೊತ್ತು. ಇಬ್ಬರೂ ಹೋಗಿದ್ರಿ. ಭಾವ ಬೇಗ ವಾಪಸ್ ಬಂದಿರಬಹುದಲ್ಲ? ಒಂದು ಕಿವಿ ನೋಡೋಕೆ ಮಧ್ಯಾಹ್ನದವರೆಗಾ... ಏನಾದರೂ ಅನ್ನು. ಬಾಯಿ ಬಿಟ್ಟು ಬೈದುಬಿಡು. ಹೀಗೆ ನೋಡಬೇಡ ಅಕ್ಕ.

ಸರಿ. ಯಾರೂ ನಿಂತಿರಲಿಲ್ಲ. ಒಬ್ಬನೇ ಮುಗಿಸಿದ ಅನ್ನಿಸಿಕೊಳ್ಳಬೇಕಿತ್ತು ನನಗೆ. ಯಾರನ್ನಾದರೂ ಕರೆದರೆ ಅವರೂ ಹೊಗಳಿಕೆಗೆ ಪಾಲುದಾರರಾಗ್ತಾರೆ. ನಾನೇ ಪೆಡಲ್ ತುಳಿದೆ, ನಾನೇ ಕನ್ನಡೀಲಿ ನೋಡಿದೆ. ಕಾರಿನ ಹಿಂದಿದ್ದ ಆಫೀಸಿನ ಗಾಜಿನ ಬಾಗಿಲಲ್ಲಿ ಕೆಂಪು ಕಾಣಿಸ್ತು. ‘ಬಂತು’ ಅಂತ ನಾನೇ ಅಂದುಕೊಂಡೆ. ಬಲ್ಬ್ ನೋಡೋಕೆ ಅಂತ ಪಾರ್ಕಿಂಗ್ ಲೈಟ್ ಹಾಕಿದ್ದೆ, ಆರಿಸಿರಲಿಲ್ಲ. ಅದರ ಕೆಂಪು ಅದು, ಬ್ರೇಕಿನದಲ್ಲ. ಹೊಸ ಸ್ವಿಚ್ಚಿಗೆ ಪ್ಲಗ್ಗು ಸರಿಯಾಗಿ ಕೂತೇ ಇರಲಿಲ್ಲ. ಎರಡನೇ ಹೆಸರಿಲ್ಲದೆ ಕಾರು ಆಚೆ ಬಿಡಲ್ಲ, ಅದಕ್ಕೆ ಕಾರ್ಡಲ್ಲಿ ಭಾವನ ಹೆಸರು... ನಾನೇ ಬರೆದೆ. ಅವರು ಇಲ್ಲ ಅನ್ನಲ್ಲ ಅಂದುಕೊಂಡಿದ್ದೆ. ನಮ್ಮವರು ಅಂದುಕೊಂಡಿದ್ದೆ!

ಇನ್ನೂ ನೋಡ್ತಾನೇ ಇದ್ದೀಯಲ್ಲ... ಹೇಳ್ತೀನಿ, ಅದನ್ನೂ ಹೇಳ್ತೀನಿ. ಮಾಲೀಕರು ಗೇಟಿನ ಕಡೆ ಕೈ ತೋರಿಸಿದರು. ಆಗ ಅಡ್ಡ ಬಂದಿದ್ದು ನಿನ್ನ ಗಂಡನೇ. ‘ಕೆಲಸ ಬಲ್ಲ, ಬುದ್ಧಿ ಬರುತ್ತೆ, ಇರಲಿ ಬಿಡಿ’ ಅಂದರು. ಅದೇ ನನಗೆ ಹೆಚ್ಚು ಉರಿಯೋದು, ಗೊತ್ತಾ? ‘ನಿಂತಿರಲಿಲ್ಲ’ ಅಂದ ಬಾಯಲ್ಲೇ ‘ಇರಲಿ ಬಿಡಿ’ ಅಂದರಲ್ಲ!

ವೈರಿಂಗ್ ಕೆಲಸ ಬೇರೆಯವರಿಗೆ ಹೋಯ್ತು ಅಕ್ಕ. ನನಗೆ ಕಾರು ತೊಳೆಯೋ ಕೆಲಸ ಕೊಟ್ಟರು. ಒಂದು ನೀರಿನ ಪೈಪು, ಒಂದು ಬಕೆಟ್ಟು.